ಗಡಿಯಾಚೆಯ ತವರು

ತವರೆಂದರೆ ಹೆರಿಗೆಗೆ, ಹಬ್ಬಕ್ಕೆ, ತಾಯಿಗೆ ಮೈಗೆ ಹುಷಾರಿಲ್ಲವೆಂದರೆ ಬಸ್ಸು ಹತ್ತಿ ಹೊರಡುವ ಊರು. ಆದರೆ ನಮ್ಮ ಭಟ್ಕಳದ ಕೆಲವು ಸೊಸೆಯಂದಿರ ತವರು ಕರಾಚಿಯಲ್ಲಿದೆ.

ಇದರಲ್ಲಿ ಆಶ್ಚರ್ಯವೇನಿಲ್ಲ. ನವಾಯತರು ವ್ಯಾಪಾರಕ್ಕಾಗಿ ಕಡಲಗುಂಟ ಊರೂರಿಗೆ ಹೋದವರು. 1947ರಲ್ಲಿ ದೇಶ ಎರಡಾದಾಗ ಅಣ್ಣ ಇಲ್ಲಿ, ತಮ್ಮ ಅಲ್ಲಿ ಎಂಬಂತಾಯಿತು. ಗಡಿ ಬಂದರೂ ಹೆಣ್ಣು ಕೊಟ್ಟು ತರುವುದು ನಿಲ್ಲಲಿಲ್ಲ.

ನೆರೆಮನೆಯ ಅಕ್ಕ ಹಾಗೆ ಬಂದವರು. ಅವರ ಅರ್ಜಿ ತುಂಬಿಕೊಡುವ ಕೆಲಸ ಬಹಳ ವರ್ಷಗಳಿಂದ ನನ್ನದು. ದೀರ್ಘಾವಧಿ ವೀಸಾದ ಅವಧಿ ಮುಗಿಯುತ್ತಾ ಬಂತೆಂದರೆ ಮತ್ತೆ ಫೋಟೋ, ನಿಕಾಹ್ ಪತ್ರ, ಗಂಡನ ದಾಖಲೆಗಳು, ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕಾರವಾರದ ಪೊಲೀಸ್ ಕಚೇರಿ. ಇಲ್ಲಿ ಉಳಿಯಬೇಕಾದರೆ ಅಲ್ಲಿನ ಪಾಸ್‌ಪೋರ್ಟ್ ಜೀವಂತ ಇರಬೇಕು. ಅದನ್ನು ದೆಹಲಿಯ ಪಾಕಿಸ್ತಾನ ಹೈಕಮಿಷನ್ನಿನಲ್ಲಿ ನವೀಕರಿಸಬೇಕು. ಒಂದೇ ತಟ್ಟೆಯ ಸುತ್ತ ಕೂತು ಉಣ್ಣುವ ಆ ಮನೆಯಲ್ಲಿ ಗಂಡ, ಮಕ್ಕಳು ಭಾರತೀಯರು. ಬಡಿಸುವಾಕೆ ಮಾತ್ರ ವಿದೇಶಿ.

1955ರ ಪೌರತ್ವ ಕಾಯ್ದೆಯಲ್ಲಿ ದಾರಿಯಿದೆ. ಭಾರತೀಯರನ್ನು ಮದುವೆಯಾಗಿ ಏಳು ವರ್ಷ ಇಲ್ಲಿ ನೆಲೆಸಿದವರು ಅರ್ಜಿ ಹಾಕಬಹುದು. ಆದರೆ ಅರ್ಜಿಯ ಹಿಂದಿನ ಹನ್ನೆರಡು ತಿಂಗಳು ಇಲ್ಲೇ ಇದ್ದಿರಬೇಕು. ವಿಶೇಷ ಕಾರಣಕ್ಕೆ ಸರಕಾರ ಸಡಿಲಿಸಿದರೂ ಅದು ಮೂವತ್ತು ದಿನ ಮೀರುವಂತಿಲ್ಲ. ಅಕ್ಕನ ತಾಯಿ ಹಾಸಿಗೆ ಹಿಡಿದದ್ದು ಆ ಹನ್ನೆರಡು ತಿಂಗಳಲ್ಲೇ. "ಹೋದರೆ ತಿರುಗಿ ಬರಲು ಬಿಡುತ್ತಾರಾ ಮಾಸ್ತರರೇ?" ಎಂದು ಕೇಳಿದರು. ಖಾತ್ರಿಯಾಗಿ ಹೇಳಬಲ್ಲವರು ಯಾರೂ ಇರಲಿಲ್ಲ. ಅವರು ಹೋಗಲಿಲ್ಲ. ತಾಯಿಯ ಮಯ್ಯತ್ತನ್ನು ಮೊಬೈಲ್ ಪರದೆಯಲ್ಲಿ ಕಂಡರು.

ಹೋಗುವ ದಾರಿಗಳೂ ಒಂದೊಂದಾಗಿ ಮುಚ್ಚಿವೆ. ಕರಾಚಿಯ ಭಾರತೀಯ ಕಾನ್ಸುಲೇಟ್ 1994ರಲ್ಲೇ ಮುಚ್ಚಿತು. ಅಂದಿನಿಂದ ಅಲ್ಲಿನ ನೆಂಟರು ವೀಸಾಕ್ಕಾಗಿ ಸಾವಿರ ಕಿಲೋಮೀಟರಿಗೂ ದೂರದ ಇಸ್ಲಾಮಾಬಾದನ್ನು ನೋಡಬೇಕಾಯಿತು. 1976ರಲ್ಲಿ ಶುರುವಾದ ಸಂಝೋತಾ ಎಕ್ಸ್‌ಪ್ರೆಸ್, 2006ರಲ್ಲಿ ಮತ್ತೆ ಓಡಿದ ಥಾರ್ ಎಕ್ಸ್‌ಪ್ರೆಸ್ ಎರಡೂ 2019ರ ಆಗಸ್ಟ್‌ನಲ್ಲಿ ನಿಂತವು.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಅಮಾಯಕರ ಹತ್ಯೆಯಾದಾಗ ಆ ಮನೆಯವರೂ ನಮ್ಮಂತೆಯೇ ಕಂಬನಿಗರೆದರು. ಪಾಕಿಸ್ತಾನಿಯರ ವೀಸಾ ರದ್ದೆಂಬ ಸುದ್ದಿ ಬಂದ ರಾತ್ರಿ ಅಲ್ಲಿ ಯಾರೂ ನಿದ್ರಿಸಲಿಲ್ಲ. ದೀರ್ಘಾವಧಿ ವೀಸಾದವರಿಗೆ ಆದೇಶ ಅನ್ವಯಿಸದು ಎಂದು ಸ್ಪಷ್ಟವಾದ ಮೇಲೆಯೇ ಉಸಿರು ಬಂತು. ಆದರೆ ಕಿರಿಯ ಮಗಳು ಕೆಲವು ದಿನ ತಾಯಿಯ ಸೆರಗು ಬಿಟ್ಟು ಶಾಲೆಗೆ ಹೋಗಲಿಲ್ಲ.

ದೇಶಕ್ಕೆ ತನ್ನ ಭದ್ರತೆಯ ಚಿಂತೆ ಇರಲೇಬೇಕು. ತನಿಖೆ ಮಾಡಲಿ, ಬೇಕಾದರೆ ಎರಡು ಬಾರಿ ಮಾಡಲಿ. ಆದರೆ ತನಿಖೆಗೊಂದು ಕೊನೆ, ಅರ್ಜಿಗೊಂದು ಉತ್ತರ ಬೇಡವೇ? ಹೌದೆಂದೋ ಅಲ್ಲವೆಂದೋ ನಿಗದಿತ ಕಾಲದಲ್ಲಿ ಹೇಳಿದರೆ ಮನುಷ್ಯ ತನ್ನ ಬದುಕನ್ನು ಹೊಂದಿಸಿಕೊಳ್ಳುತ್ತಾನೆ. ಎರಡು ದೇಶಗಳ ವೈರ ಎಂದು ಮುಗಿಯುವುದೋ ಅಲ್ಲಾಹನೇ ಬಲ್ಲ. ಅಷ್ಟರವರೆಗೂ ಸೊಸೆಯಾಗಿ ಬಂದವಳನ್ನು ಹೊಸ್ತಿಲಲ್ಲೇ ನಿಲ್ಲಿಸಿಡುವುದು ಯಾವ ಮನೆಗೂ ಶೋಭೆಯಲ್ಲ.