ಐಸಿನಡಿಯ ಮೀನು

ನಮ್ಮ ಚಂದ್ರಾ ಲೇಔಟಿಗೆ ಮೀನು ಬರುವುದು ಐಸಿನ ಮೇಲೆ ಮಲಗಿಕೊಂಡು. ರಾತ್ರಿ ಮಲ್ಪೆಯಲ್ಲೋ ಮಂಗಳೂರಿನಲ್ಲೋ ಲಾರಿ ಹತ್ತಿದ ಬಂಗುಡೆ, ಬೂತಾಯಿಗಳು ಬೆಳಗಾಗುವಷ್ಟರಲ್ಲಿ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಇಲ್ಲಿಗೆ ಬಂದಿಳಿದಿರುತ್ತವೆ. ಕಿವಿರು ಎತ್ತಿ ನೋಡಿ, ಕಣ್ಣು ನೋಡಿ, ಬೆರಳಿನಿಂದ ಒತ್ತಿ ನೋಡಿ ಕೊಳ್ಳುವ ನನ್ನನ್ನು ಕಂಡರೆ ಅಂಗಡಿಯ ಹುಡುಗನಿಗೆ ಸ್ವಲ್ಪ ಹೆದರಿಕೆ. ಗಂಗೊಳ್ಳಿಯ ಕಡಲ ದಂಡೆಯಲ್ಲಿ ಹುಟ್ಟಿದವಳು, ಏನು ಮಾಡಲಿ? ಅಂಥ ನನಗೆ ಐಸಿನ ಕೆಳಗೆ ಜೀವಂತ ಈಜಾಡುವ ಮೀನನ್ನು ಪತ್ತೆಮಾಡುವ ಯಂತ್ರವೊಂದನ್ನು ಆರಿಸಿಕೊಡುವ ಕೆಲಸ ಬಿತ್ತು. ಹೇರಿದವನು ಮಗ.

ಅವನಿರುವುದು ಅಮೆರಿಕದ ಮಿನೆಸೋಟಾದಲ್ಲಿ, ಮಿನಿಯಾಪೊಲಿಸ್ಸಿನ ಅಂಚಿನಲ್ಲಿ. ಹತ್ತು ಸಾವಿರ ಕೆರೆಗಳಿವೆ ಎಂದು ಕಾರಿನ ನಂಬರ್ ಪ್ಲೇಟಿನ ಮೇಲೇ ಬರೆದುಕೊಂಡ ರಾಜ್ಯ ಅದು. ಚಳಿಗಾಲ ಬಲಿತಿತೆಂದರೆ ಆ ಕೆರೆಗಳ ಮೈ ಕಲ್ಲಾಗುತ್ತದೆ. ಜನ ಅದರ ಮೇಲೆ ನಡೆದುಹೋಗಿ, ದೊಡ್ಡ ಬೈರಿಗೆಯಿಂದ ತೂತು ಕೊರೆದು, ಪಕ್ಕದಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಗಾಳ ಬಿಟ್ಟು ಕೂರುತ್ತಾರೆ. ಪುಟ್ಟ ಮನೆಯನ್ನೇ ಎಳೆದುತಂದು ಕೆರೆಯ ನಡುವೆ ಸಂಸಾರ ಹೂಡುವವರೂ ಇದ್ದಾರೆ. ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿ ಸೆಲ್ಷಿಯಸ್‌ನಲ್ಲಂತೆ. ಅದಕ್ಕಿಂತ ತಣ್ಣಗಾದದ್ದು ಮೇಲೇ ಉಳಿದು ಗಡ್ಡೆಯಾಗುತ್ತದೆ, ತಳದಲ್ಲಿ ಮೀನು ಬದುಕಿರುತ್ತದೆ. ದೇವರು ಇಷ್ಟು ಯೋಚನೆ ಮಾಡಿ ಮಾಡಿದ ವ್ಯವಸ್ಥೆಗೆ ಮನುಷ್ಯ ತೂತು ಕೊರೆಯುತ್ತಾನೆ.

ಮೊದಲ ಎರಡು ಚಳಿಗಾಲಗಳನ್ನು ಮಗ ಕಿಟಕಿಯ ಒಳಗೇ ಕಳೆದ. ಸಂಜೆ ನಾಲ್ಕೂವರೆಗೇ ಕತ್ತಲಾಗುವ ಊರು. ಫೋನಿನಲ್ಲಿ ಅವನ ದನಿಯೂ ಹಾಗೇ ಇರುತ್ತಿತ್ತು, "ಊಟ ಆಯ್ತಾ?" ಎಂದರೆ "ಆಯ್ತು", "ಏನು ಮಾಡಿದ್ದೆ?" ಎಂದರೆ "ಏನೋ ಒಂದು". ಮೂರನೆಯ ಚಳಿಗಾಲದಲ್ಲಿ ಆಫೀಸಿನವರೊಬ್ಬರು ಅವನನ್ನು ಮಿಲ್ ಲ್ಯಾಕ್ಸ್ ಎಂಬ ದೊಡ್ಡ ಕೆರೆಗೆ ಎಳೆದುಕೊಂಡು ಹೋದರು. ಆ ವಾರ ಫೋನ್ ಮಾಡಿದವನು ಬೇರೆಯೇ ಹುಡುಗ. ಯಾರು ಯಾರ ಪಕ್ಕ ಕೂತಿದ್ದರು, ಯಾರ ಫ್ಲಾಸ್ಕಿನ ಕಾಫಿ ಕುಡಿದೆ, ವಾಲೈ ಎಂಬ ಮೀನಿನ ಕಣ್ಣು ಹೇಗೆ ಗಾಜಿನಂತೆ ಹೊಳೆಯುತ್ತದೆ, ಎಲ್ಲ ವರದಿ. ತನಗೂ ಸ್ವಂತ ಯಂತ್ರ ಬೇಕು ಎಂದ. ನನ್ನೊಳಗೆ ಎಷ್ಟೋ ದಿನದ ಗಂಟು ಸಡಿಲವಾಯಿತು. "ನೀನೇ ಹೇಳಮ್ಮ, ಯಾವುದು ತಗೊಳ್ಳಲಿ?" ಅವರಪ್ಪನನ್ನು ಕೇಳಲಿಲ್ಲ. ನಮ್ಮವರು ತುಮಕೂರಿನ ಕಡೆಯವರು. ಮೀನು ತಟ್ಟೆಗೆ ಬಂದ ಮೇಲಷ್ಟೆ ಅವರಿಗೆ ಅದರ ಪರಿಚಯ.

ಈ ಸಂಗತಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಹೇಳಿದಾಗ ಪಕ್ಕದ ಮನೆಯವರು, "ತೆಂಗಿನಕಾಯಿ ಹಿಡಿದು ಬೋರಿಗೆ ಜಾಗ ತೋರಿಸ್ತಾರಲ್ಲ, ಹಾಗಾ?" ಎಂದರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದ್ದಾಗ ಅವರ ಅಂಗಳದಲ್ಲೂ ಒಂದು ತೆಂಗಿನಕಾಯಿ ಅಡ್ಡಾಡಿತ್ತು. ನಾನು ಬಾವಿಯ ಉದಾಹರಣೆ ಕೊಟ್ಟೆ. ಬಾವಿಗೆ ಬಗ್ಗಿ ಕೂಗಿದರೆ ದನಿ ತಿರುಗಿ ಬರುತ್ತದಲ್ಲ, ಅದೇ. ತೂತಿನಲ್ಲಿ ಇಳಿಬಿಟ್ಟ ಪುಟ್ಟ ಗುಂಡು ನಮ್ಮ ಕಿವಿಗೆ ಕೇಳದಷ್ಟು ಕೀರಲು ದನಿಯಲ್ಲಿ ಕೂಗುತ್ತದೆ, ಸೆಕೆಂಡಿಗೆ ಸುಮಾರು 2 ಲಕ್ಷ ಕಂಪನ. ತಣ್ಣೀರಿನಲ್ಲಿ ದನಿಯ ಓಟ ಸೆಕೆಂಡಿಗೆ ಸುಮಾರು 1400 ಮೀಟರು; 30 ಅಡಿ ಇಳಿದು ಮರಳಲು ಸೆಕೆಂಡಿನ ಎಪ್ಪತ್ತನೇ ಒಂದು ಪಾಲೂ ಬೇಡ. ಮರಳಿದ ಹೊತ್ತನ್ನು ಲೆಕ್ಕಹಾಕಿ ಯಂತ್ರ ಆಳ ಹೇಳುತ್ತದೆ. ನಡುವೆ ಮೀನಿದ್ದರೆ ಅದರ ಪ್ರತಿಧ್ವನಿ ಮೊದಲೇ ಬಂದಿರುತ್ತದೆ.

ಈ ವಿದ್ಯೆಯ ಮೂಲದಲ್ಲೂ ಐಸೇ ಇದೆ. 1912ರಲ್ಲಿ ಟೈಟಾನಿಕ್ ಹಡಗು ನೀರ್ಗಲ್ಲಿಗೆ ಬಡಿದು ಮುಳುಗಿತಲ್ಲ, ಎರಡು ವರ್ಷದ ಮೇಲೆ, 1914ರಲ್ಲಿ, ಫೆಸೆಂಡೆನ್ ಎಂಬಾತ ನೀರಿನಲ್ಲಿ ದನಿ ಹೊರಡಿಸಿ ದೂರದ ನೀರ್ಗಲ್ಲಿನಿಂದ ಪ್ರತಿಧ್ವನಿ ಪಡೆದ. ಆಮೇಲೆ ಯುದ್ಧ, ಜಲಾಂತರ್ಗಾಮಿಗಳ ಬೇಟೆ. 1948ರಲ್ಲಿ ಜಪಾನಿನ ಫುರುನೊ ಸೋದರರು ಅದನ್ನು ಮೀನುಗಾರರ ಕೈಗೆ ಕೊಟ್ಟರು.

ಇನ್ನು ಆಯ್ಕೆ. ಸೀರೆ ಅಂಗಡಿಯಲ್ಲಿ ಹೇಗೆ ಮೊದಲು ಹತ್ತಿಯೋ ರೇಷ್ಮೆಯೋ ಎಂದು ಕೇಳುತ್ತಾರೋ ಹಾಗೆ ಇಲ್ಲೂ ಮೂರು ಜಾತಿ. ಒಂದು ಫ್ಲಾಶರ್. ಗಡಿಯಾರದಂಥ ದುಂಡು ಮುಖ, ಅದರ ಸುತ್ತ ಬಣ್ಣದ ಗೆರೆಗಳು. ಕೆರೆಯ ತಳ ದಪ್ಪ ಕೆಂಪು ಪಟ್ಟೆ. ನಮ್ಮದೇ ಗಾಳ ಸಣ್ಣ ಹಸಿರು ಗೆರೆ. ಮೀನು ಬಂದರೆ ಹಸಿರು ಕಿತ್ತಳೆಯಾಗಿ, ನೇರ ಕೆಳಗೆ ಬಂದಾಗ ಕೆಂಪಾಗುತ್ತದೆ. ಆ ಕೆಂಪು ಗಾಳದ ಕಡೆ ಮೇಲೇರಿತೋ, ಮೀನಿಗೆ ಆಸೆ ಹುಟ್ಟಿದೆ ಎಂದರ್ಥ. ಎರಡನೆಯದು ಎಲ್‌ಸಿಡಿ ಪರದೆಯದು. ಬಲದಂಚಿನಲ್ಲಿರುವುದಷ್ಟೇ ಈ ಗಳಿಗೆ, ಉಳಿದದ್ದೆಲ್ಲ ಆಗಿಹೋದ ಕಥೆ. ಹೊಸಬರು ಹಳೆಯ ಗೆರೆಯನ್ನೇ ಮೀನೆಂದು ನೋಡುತ್ತ ಕೂರುವುದುಂಟಂತೆ. ಚಳಿ ಹೆಚ್ಚಾದರೆ ಆ ಪರದೆಯೂ ಮಂದವಾಗುತ್ತದೆ. ಮೂರನೆಯದು 2018ರಲ್ಲಿ ಗಾರ್ಮಿನ್ ಕಂಪನಿ ತಂದ ಲೈವ್‌ಸ್ಕೋಪ್‌ನಂಥದು. ಮೀನು ಬಾಲ ಆಡಿಸುವುದೂ ಸಿನಿಮಾದಂತೆ ಕಾಣುತ್ತದೆ, ಕಾಲಕೆಳಗಿನದು ಮಾತ್ರವಲ್ಲ, ಆ ಕಡೆ ಈ ಕಡೆ ಇರುವುದೂ. ಫ್ಲಾಶರ್ ಮೂರ್ನಾಲ್ಕು ನೂರು ಡಾಲರಿಗೆ ಸಿಕ್ಕರೆ ಇದಕ್ಕೆ ಸಾವಿರಗಳ ಲೆಕ್ಕ.

ಮಗನ ಕಣ್ಣು ಮೂರನೆಯದರ ಮೇಲೆ. ಬೋನಸ್ಸು ಬೇರೆ ಬಂದಿತ್ತು.

ನಾನು ಮೊದಲು ಕೇಳಿದ್ದು ಶಂಕುವಿನ ವಿಷಯ. ದನಿ ಕೆಳಗಿಳಿಯುತ್ತ ಕೊಳವೆಯಂತೆ ನೆಟ್ಟಗೆ ಹೋಗುವುದಿಲ್ಲ, ಲಂಗದ ಹಾಗೆ ಅಗಲವಾಗುತ್ತದೆ. 20 ಡಿಗ್ರಿಯ ಗುಂಡಾದರೆ 30 ಅಡಿ ಆಳದಲ್ಲಿ ಹತ್ತೂವರೆ ಅಡಿ ಅಗಲ ಕಾಣಿಸುತ್ತದೆ. 9 ಡಿಗ್ರಿಯದಾದರೆ ಐದಡಿಯೂ ಇಲ್ಲ. ಅಗಲ ಹೆಚ್ಚಿದಷ್ಟೂ ಒಳ್ಳೆಯದೆಂದು ತೋರುತ್ತದೆ, ಆದರೆ ತಳ ಇಳಿಜಾರಾಗಿದ್ದರೆ ಎತ್ತರದ ಬದಿಯ ನೆಲ ಮೊದಲು ಪ್ರತಿಧ್ವನಿಸಿ, ತಗ್ಗಿನಲ್ಲಿ ನೆಲಕ್ಕಂಟಿ ಕೂತ ಮೀನನ್ನು ನುಂಗಿಬಿಡುತ್ತದೆ. ಪಕ್ಕದವರ ಯಂತ್ರದ ಕೂಗೂ ನಮ್ಮದಕ್ಕೆ ಸೇರಿ ಗಲಾಟೆ. ಅದನ್ನು ತಡೆಯುವ ಗುಂಡಿ ಇರಲೇಬೇಕು. 9 ಮತ್ತು 19 ಡಿಗ್ರಿ ಎರಡಕ್ಕೂ ಬದಲಿಸಬಹುದಾದ ಗುಂಡು ಸಿಗುತ್ತದೆ, ಅದೇ ಇರಲಿ ಎಂದೆ. ಬ್ಯಾಟರಿ ಲಿಥಿಯಂನದಾದರೆ ಹೊರುವುದಕ್ಕೆ ಹಗುರ, ಆದರೆ ಕೊರೆಯುವ ಚಳಿಯಲ್ಲಿ ಇಟ್ಟು ಚಾರ್ಜ್ ಮಾಡಬಾರದು. ಮನೆಗೆ ತಂದು ಬೆಚ್ಚಗಾದ ಮೇಲೆ ಹಾಕಬೇಕು. ಇವೆಲ್ಲ ಅವನೇ ಓದಿ ಹೇಳಿದ್ದು. ನಾನು ಅಡ್ಡಪ್ರಶ್ನೆ ಹಾಕುತ್ತಿದ್ದೆ, ಅಷ್ಟೆ.

ಹಾಗೆ ಅಡ್ಡಪ್ರಶ್ನೆ ಹಾಕುವಾಗಲೇ ಒಂದು ಸಂಗತಿ ತಿಳಿದು ನನ್ನನ್ನು ಬಹಳ ಕಾಡಿತು. ಮೀನಿನ ಮೈ ಬಹುಪಾಲು ನೀರಿನಂಥದೇ, ದನಿಗೆ ಅದು ದೊಡ್ಡ ಅಡ್ಡಿಯಲ್ಲ. ಪ್ರತಿಧ್ವನಿ ಹೆಚ್ಚಾಗಿ ಬರುವುದು ಅದರ ಹೊಟ್ಟೆಯೊಳಗಿನ ಗಾಳಿಚೀಲದಿಂದ. ತೇಲಲು ಮೀನಿಗಿರುವ ಆಸರೆಯೇ ಅದರ ಗುಟ್ಟು ಬಿಟ್ಟುಕೊಡುತ್ತದೆ. ಅದೇ ಮೀನನ್ನು 30 ಅಡಿಗಿಂತ ಆಳದಿಂದ ಸರಕ್ಕನೆ ಎಳೆದರೆ ನೀರಿನ ಒತ್ತಡ ತಪ್ಪಿ ಆ ಚೀಲ ಉಬ್ಬುತ್ತದೆ, ಒಳಗಿನ ಅಂಗಾಂಗ ಜಖಂ ಆಗುತ್ತದೆ. "ಚಿಕ್ಕದು, ಪಾಪ" ಎಂದು ತಿರುಗಿ ಬಿಟ್ಟರೂ ಎಷ್ಟೋ ಬದುಕುವುದಿಲ್ಲ. ತೂತಿನಲ್ಲಿ ಈಜಿ ಮರೆಯಾದದ್ದನ್ನು ಕಂಡವನು ಪುಣ್ಯ ಕಟ್ಟಿಕೊಂಡೆ ಎಂದುಕೊಂಡು ಮನೆಗೆ ಹೋಗುತ್ತಾನೆ.

ನಮ್ಮ ಅಪ್ಪಯ್ಯ ರಂಪಣಿಯವರು. ದಂಡೆಯಿಂದ ಬಿಟ್ಟು ದಂಡೆಗೇ ಎಳೆಯುವ ಆ ಮಹಾ ಬಲೆಗೆ ಊರಿಗೆ ಊರೇ ಕೈಹಾಕಬೇಕಿತ್ತು. ನೀರಿನ ಬಣ್ಣ ಕಪ್ಪಾದದ್ದು, ಹಕ್ಕಿಗಳು ಒಂದೇ ಕಡೆ ಎರಗಿದ್ದು, ಇದೇ ಅವರ ಯಂತ್ರ. ಕಂಡದ್ದು ದಂಡೆಗೆ ಬಂದರೆ ಹಬ್ಬ, ಬಾರದಿದ್ದರೆ ಗಂಜಿ. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನು ದಂಡೆಗೆ ಬರುವ ಮುಂಚೆಯೇ ಅದನ್ನು ಹುಡುಕಿಕೊಂಡು ಹೋಗಿ ಸುತ್ತುವರಿಯುವ ಬಲೆ. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಆಮೇಲಾಮೇಲೆ ಬೋಟುಗಳಿಗೆ ಮೀನು ತೋರಿಸುವ ಪರದೆಗಳೂ ಬಂದವು. ಪರದೆಯನ್ನು ಬೈಯುವುದಿಲ್ಲ ನಾನು. ಡೀಸೆಲ್ ಸುಟ್ಟು ಬರಿಗೈಯಲ್ಲಿ ಮರಳುವ ಸಂಕಟ ನೋಡಿದ್ದೇನೆ. ಆದರೆ ಹೊಟ್ಟೆಪಾಡಿಗೆ ಬೇಕಾದ ಕಣ್ಣು ಬೇರೆ, ಭಾನುವಾರಕ್ಕೆ ಬೇಕಾದ ಕಣ್ಣು ಬೇರೆ.

"ನೀನು ಅಲ್ಲಿಗೆ ಹೋಗೋದು ಮೀನಿಗಾ, ಮಾತಿಗಾ?" ಎಂದು ಕೇಳಿದೆ. ಅವನು ಸುಮ್ಮನಾದ. "ಆ ಸಿನಿಮಾ ಪೆಟ್ಟಿಗೆ ತಂದರೆ ಪಕ್ಕದವರ ಮುಖ ನೋಡ್ತೀಯಾ?" ಈಗಾಗಲೇ ಆರು ಇಂಚಿನ ಪರದೆ ಹಿಡಿದು ಕೂತ ಮಕ್ಕಳನ್ನು ನಾವೆಲ್ಲ ಕಂಡಿದ್ದೇವಲ್ಲ, ನೀವೇ ಹೇಳಿ. ಅವನು ನಕ್ಕ, ವಾದ ಮಾಡಿದ, ಎರಡು ವಾರ ಎಳೆದ. ಕೊನೆಗೆ ವೆಕ್ಸಿಲಾರ್ ಕಂಪನಿಯ ಫ್ಲಾಶರ್ ತಂದ. ಆಳದ ಜಾಗದಲ್ಲಿ ತಿನ್ನುವಷ್ಟು ಹಿಡಿದ ಮೇಲೆ ಗಾಳ ಎತ್ತಿಬಿಡಬೇಕು ಎಂಬ ನನ್ನ ಷರತ್ತಿಗೂ ಒಪ್ಪಿದ.

ನನಗೆ ಉಳಿದದ್ದು ಒಂದೇ ಪ್ರಶ್ನೆ: ಇದು ಐಸಿನ ದಪ್ಪ ಹೇಳುತ್ತದೆಯೇ? ಇಲ್ಲ. ಕೆಳಗಿನ ಮೀನನ್ನೆಲ್ಲ ತೋರಿಸುವ ಯಂತ್ರಕ್ಕೆ ಕಾಲಡಿಯ ಗಡ್ಡೆ ಎಷ್ಟಿದೆ ಎಂಬುದು ಗೊತ್ತಿಲ್ಲ. ನಡೆದುಹೋಗಲು ಗಟ್ಟಿಯಾದ ಹೊಸ ಐಸು ಕನಿಷ್ಠ 4 ಇಂಚು ಬೇಕೆಂದು ಅಲ್ಲಿನ ಸರ್ಕಾರದ ಇಲಾಖೆ ಹೇಳುತ್ತದೆ. ಪೂರ್ತಿ ಸುರಕ್ಷಿತ ಐಸು ಎಂಬುದೇ ಇಲ್ಲ ಎಂದೂ ಅದೇ ಇಲಾಖೆ ಹೇಳುತ್ತದೆ. ಮೇಲೆ ಹಿಮ ಬಿದ್ದ ಬೆಳ್ಳನೆಯ ಐಸಿಗೆ ಅಷ್ಟು ಬಲವಿಲ್ಲ. ದಪ್ಪ ನೋಡಲು ಉದ್ದನೆಯ ಕಬ್ಬಿಣದ ಉಳಿಯಿಂದ ಹೆಜ್ಜೆಹೆಜ್ಜೆಗೂ ಕುಟ್ಟಿ, ಅಲ್ಲಲ್ಲಿ ಕೊರೆದು ಅಳೆಯಬೇಕು. ಬಿದ್ದರೆ ಗಡ್ಡೆಗೆ ಚುಚ್ಚಿ ಮೇಲೇರಲು ಹಿಡಿಯುಳ್ಳ ಎರಡು ಮೊಳೆಗಳು ಸಿಗುತ್ತವೆ, ಕೊರಳಿಗೆ ಹಾಕಿಕೊಳ್ಳಬೇಕು. ಉಳಿದ ದುಡ್ಡಿನಲ್ಲಿ ಉಳಿ, ಮೊಳೆ, ತೇಲುವ ಅಂಗಿ ತರಿಸಿದೆ. ಅವುಗಳ ಫೋಟೋ ಬಂದ ಮೇಲೆಯೇ ಹೋಗು ಎಂದದ್ದು.

ಈಗ ಶನಿವಾರ ರಾತ್ರಿ ನಮ್ಮ ಮನೆಯ ಫೋನು ಬಡಿದುಕೊಂಡರೆ ಅಲ್ಲಿ ಬೆಳಗು, ಅವನು ಕೆರೆಯ ಅಂಚಿನಲ್ಲಿ. ನಮ್ಮವರು ಹಿಂದಿನಿಂದ "ಎಷ್ಟು ಮೀನು?" ಎನ್ನುತ್ತಾರೆ. ನಾನು ಕೇಳುವುದು "ಎಷ್ಟು ಇಂಚು?" ಹೋದ ಸಲ ಒಂಬತ್ತು ಎಂದ. ಮಧ್ಯಾಹ್ನ ಎರಡು ವಾಲೈ ಸಿಕ್ಕವಂತೆ. ಮುಳ್ಳು ಕಡಿಮೆ, ಮಾಂಸ ಬೆಳ್ಳಗೆ, ಹೆಚ್ಚುಕಮ್ಮಿ ನಮ್ಮ ಕಾಣೆಯ ಹಾಗೆ ಎಂದ. ಬ್ಯಾಡಗಿ ಮೆಣಸು ಮುಗಿದಿದೆಯಂತೆ, ಬರುವವರ ಕೈಲಿ ಕಳಿಸಬೇಕು.