ಜ್ವರ ಲಾರಿಗಲ್ಲ, ಥರ್ಮಾಮೀಟರಿಗೆ!

"ಇದೇನಪ್ಪಾ, ಒಬ್ಬಟ್ಟಿನ ಪುಟದ ಪಕ್ಕದಲ್ಲಿ ಲಾರಿ ಬಂದು ನಿಂತಿದೆ!" ಎಂದು ನಗಬೇಡಿ ಸೋದರಿಯರೇ. ನಿಮ್ಮ ಮನೆಗಳಿಗೆ ಅಂಗಡಿಯಿಂದಲೋ ಆಫೀಸಿನಿಂದಲೋ ಹೊಲದಿಂದಲೋ ಅನ್ನ ಬರುವ ಹಾಗೆ ನಮ್ಮ ಮನೆಗೆ ಅನ್ನ ಬರುವುದು ಹತ್ತು ಚಕ್ರದ ಮೇಲೆ. ಲಾರಿ ಮಾಲೀಕರ ಹೆಂಡತಿ ಎಂದ ಕೂಡಲೇ ಸಾಹುಕಾರರ ಮನೆ ಎಂದೂ ತಿಳಿಯಬೇಡಿ. ಇರುವುದು ಒಂದೇ ಗಾಡಿ. ಅದಕ್ಕೆ ಮಾಲೀಕರೂ ನಮ್ಮವರೇ, ಡ್ರೈವರೂ ನಮ್ಮವರೇ. ಕಂತು ತೀರುವವರೆಗೆ ಅದು ಪೂರ್ತಿ ನಮ್ಮದೂ ಅಲ್ಲ.

ನಮ್ಮೂರು ಚಳ್ಳಕೆರೆ. ಕಡಲೆಕಾಯಿ ಎಣ್ಣೆಯ ಗಿರಣಿಗಳಿಂದ ಹೆಸರಾದ ಊರು. ಎಣ್ಣೆಯ ಊರಿನ ಹೆಂಗಸಾಗಿದ್ದೂ ಲಾರಿಯ ಹೊಟ್ಟೆಯೊಳಗಿನ ಎಣ್ಣೆಯ ವಿಷಯ ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ, ಅದೂ ಕೈಯಲ್ಲಿದ್ದ ಬಳೆ ಕಳಚುವ ಹೊತ್ತು ಬಂದಾಗ.

2023ರ ಆಗಸ್ಟ್ ತಿಂಗಳು. ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ನಾಲ್ಕೇ ದಿನ. ಇವರು ಮಂಗಳೂರಿನಿಂದ ಗೊಬ್ಬರದ ಮೂಟೆ ತುಂಬಿಕೊಂಡು ಶಿರಾಡಿ ಘಾಟಿ ಹತ್ತುತ್ತಿದ್ದರು. ಸಂಜೆ ಫೋನು ಬಂತು. ದನಿ ಕೇಳಿದ ಕೂಡಲೇ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಮುಂದಿನ ಬೋರ್ಡಿನಲ್ಲಿ ಕೆಂಪು ದೀಪ ಹತ್ತಿಕೊಂಡಿದೆ, ಇಂಜಿನ್ ಆಯಿಲ್ ಕಾವು ಮಿತಿ ಮೀರಿದೆ ಎಂದು ತೋರಿಸುತ್ತಿದೆ, ಗಾಡಿಗೆ ಎಳೆತವೇ ಇಲ್ಲ. ಹೇಗೋ ತೆವಳಿಸಿಕೊಂಡು ಘಾಟಿಯ ಮೇಲಕ್ಕೆ ಬಂದು ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿದ್ದಾರೆ. ಅಲ್ಲಿನ ಮೇಸ್ತ್ರಿ ಬೋರ್ಡು ನೋಡಿದ, ತಲೆ ಆಡಿಸಿದ, "ಇಂಜಿನ್ ಇಳಿಸಲೇಬೇಕು, ಒಂದು ಲಕ್ಷದ ಇಪ್ಪತ್ತು ಸಾವಿರ ಇಟ್ಟುಕೊಳ್ಳಿ" ಎಂದ.

"ನಿನ್ನ ಬಳೆ ಗಿರವಿ ಇಡೋಣ ಕಣೇ. ಆರು ತಿಂಗಳಲ್ಲಿ ಬಿಡಿಸಿಕೊಡ್ತೀನಿ" ಎಂದರು.

ನಾಲ್ಕು ಬಳೆ. ಅಮ್ಮ ಹಾಕಿದ್ದು. ಗಾಡಿ ಕೊಳ್ಳುವಾಗ ಒಮ್ಮೆ ಹೋಗಿ ಬಂದಿದ್ದವು. ಆಗಲೂ "ಆರು ತಿಂಗಳು" ಎಂದಿದ್ದರು. ವಾಪಸು ಬಂದದ್ದು ಮೂರು ವರ್ಷಕ್ಕೆ. ಇವರ ಮೇಲೆ ತಪ್ಪು ಹೊರಿಸುತ್ತಿಲ್ಲ, ಲಾರಿ ಬಾಡಿಗೆಯ ಸಂಸಾರವೇ ಹಾಗೆ. "ಆಗಲಿ" ಎಂದು ಹೇಳಿ ಫೋನಿಟ್ಟೆ. ಸೋಪು ಹಚ್ಚಿ ಬಳೆ ತೆಗೆದು ಕರ್ಚೀಫಿನಲ್ಲಿ ಕಟ್ಟಿಯೂ ಇಟ್ಟೆ.

ರಾತ್ರಿ ನಿದ್ದೆ ಬರಲಿಲ್ಲ. ಕಾವು, ಕೆಂಪು ದೀಪ, ಕಾವು... ಇದೇ ತಲೆಯಲ್ಲಿ. ಆಗ ದೊಡ್ಡ ಮಗಳು ಕೂಸಾಗಿದ್ದಾಗಿನ ಒಂದು ಪೇಚಾಟ ನೆನಪಾಯಿತು. ಆಗೆಲ್ಲ ಪಾದರಸದ ಗಾಜಿನ ಥರ್ಮಾಮೀಟರು. ಮಗುವಿಗೆ ಮೈ ಬೆಚ್ಚಗಿದೆ ಎಂದು ಇಟ್ಟು ನೋಡಿದರೆ ನೂರ ಮೂರು! ಎದೆ ಒಡೆದುಹೋಯಿತು. ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಡಾಕ್ಟರ ಬಳಿಗೆ ಓಡಿದೆ. ಅಲ್ಲಿದ್ದ ನರ್ಸಮ್ಮ ನನ್ನ ಕೈಯಿಂದ ಥರ್ಮಾಮೀಟರು ಇಸಿದುಕೊಂಡು ನಾಲ್ಕು ಸಲ ಜೋರಾಗಿ ಕೊಡವಿ ಮತ್ತೆ ಇಟ್ಟರು. ತೊಂಬತ್ತೊಂಬತ್ತು. "ಕೊಡವಿ ಇಡಬೇಕಮ್ಮಾ. ಹಿಂದೆ ಯಾರಿಗೋ ನೋಡಿದ ಜ್ವರ ಇದರಲ್ಲೇ ನಿಂತಿತ್ತು" ಎಂದು ನಕ್ಕರು. ಹೌದು, ಹಿಂದಿನ ವಾರ ನಾದಿನಿಗೆ ನೋಡಿದ್ದು!

ಹಾಗಾದರೆ ಲಾರಿಗೆ ಕಾವು ಇದೆ ಎಂದು ಹೇಳುತ್ತಿರುವವರು ಯಾರು? ಲಾರಿಯೇ, ಅಥವಾ ಅದರ ಥರ್ಮಾಮೀಟರೇ?

ಬೆಳಗಿನ ಜಾವ ಐದಕ್ಕೇ ಫೋನು ಮಾಡಿದೆ. "ರೀ, ಇಂಜಿನ್ ಹಚ್ಚಬೇಡಿ. ಬರೀ ಬೀಗದ ಕೈ ತಿರುಗಿಸಿ, ಕಾವು ಎಷ್ಟು ತೋರಿಸುತ್ತೆ ನೋಡಿ."

"ರಾತ್ರಿಯೆಲ್ಲ ನಿಂತಿದ್ದ ಗಾಡೀಲಿ ಏನು ಕಾವು ಇರುತ್ತೇ? ನಿನಗೇನು ಗೊತ್ತು ಇಂಜಿನ್ ವಿಷಯ" ಎಂದು ಗೊಣಗಿದರು. ಆದರೂ ಹತ್ತಿ ತಿರುಗಿಸಿದರು. ಸ್ವಲ್ಪ ಹೊತ್ತು ಮಾತೇ ಇಲ್ಲ.

"ನೂರ ಇಪ್ಪತ್ತೆಂಟು ತೋರಿಸ್ತಿದೆ ಕಣೇ!"

ಮಲೆನಾಡಿನ ಮಳೆಯಲ್ಲಿ ಇಡೀ ರಾತ್ರಿ ನೆನೆದು ತಣ್ಣಗಾದ ಇಂಜಿನ್, ಕುದಿಯುವ ನೀರಿಗಿಂತ ಬಿಸಿ ಇದೆಯಂತೆ! ನೀರಿನ ಗೇಜು ಮಾತ್ರ ತಳದಲ್ಲಿ ಮಲಗಿತ್ತು. ಕೈ ಇಟ್ಟು ನೋಡಿದರೆ ಇಂಜಿನ್ ಹಿಮದ ಹಾಗೆ.

ಈಗ ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರಾದರೂ ಕೆಂಪು ದೀಪ ಉರಿದರೂ ಸುಳ್ಳೇ ಎಂದು ಗಾಡಿ ಓಡಿಸಿಬಿಟ್ಟಾರು. ಕರಿಯುವ ಬಾಣಲೆಯಲ್ಲಿ ಎಣ್ಣೆ ಕಾದಷ್ಟೂ ನೀರಿನಂತೆ ತೆಳ್ಳಗಾಗುವುದನ್ನು ನಾವೆಲ್ಲ ನೋಡಿದ್ದೇವಲ್ಲವೇ? ಇಂಜಿನ್ ಆಯಿಲ್ಲೂ ಹಾಗೆಯೇ. ತಣ್ಣಗಿದ್ದರೆ ಜೋನಿ ಬೆಲ್ಲದಂತೆ ಮಂದ, ಹದವಾಗಿ ಕಾದರೆ ಸರಾಗ. ಸಾಮಾನ್ಯವಾಗಿ ತೊಂಬತ್ತರಿಂದ ನೂರ ಹತ್ತು ಡಿಗ್ರಿ ಅದರ ಹದ. ಅತಿಯಾಗಿ ಕಾದರೆ ತೆಳ್ಳಗಾಗಿ, ತಿರುಗುವ ಲೋಹಗಳ ನಡುವೆ ನಿಲ್ಲದೆ ಜಾರಿಹೋಗುತ್ತದೆ. ಲೋಹಕ್ಕೆ ಲೋಹ ಉಜ್ಜಿದರೆ ಬೇರಿಂಗು ಹಿಡಿದುಕೊಂಡು ಇಂಜಿನ್ನೇ ಸುಟ್ಟುಹೋಗುತ್ತದೆ. ಆದ್ದರಿಂದ ದೀಪ ಹತ್ತಿದರೆ ನಿಲ್ಲಿಸಿ ನೋಡಲೇಬೇಕು. ಆಯಿಲ್ ಪ್ರೆಶರಿನ ದೀಪ ಹತ್ತಿದರಂತೂ ಒಂದು ಹೆಜ್ಜೆಯೂ ಮುಂದೆ ಹೋಗಬಾರದು ಎನ್ನುತ್ತಾರೆ ಇವರು.

ಇವರೂ ಎಲ್ಲ ನೋಡಿಕೊಂಡೇ ಹೊರಟರು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮಟ್ಟ ಸರಿಯಾಗಿದೆ, ಸುಟ್ಟ ವಾಸನೆ ಇಲ್ಲ, ನೀರು ಬೆರೆತ ಹಾಲುಬಣ್ಣವಿಲ್ಲ. ಪ್ರೆಶರ್ ಸರಿಯಾಗಿದೆ. ಆದರೂ ಗಾಡಿಗೆ ಎಳೆತವಿಲ್ಲ. ಈಗಿನ ಗಾಡಿಗಳಲ್ಲಿ ಒಂದು ಕಂಪ್ಯೂಟರ್ ಪೆಟ್ಟಿಗೆ ಇರುತ್ತದಂತೆ. ಆಯಿಲ್ ಕಾದಿದೆ ಎಂದು ಸುದ್ದಿ ಬಂದರೆ ಸಾಕು, ಇಂಜಿನ್ ಉಳಿಸಲೆಂದು ಅದೇ ಶಕ್ತಿ ಕಡಿಮೆ ಮಾಡಿಬಿಡುತ್ತದೆ. ಚಾಡಿ ಮಾತು ಕೇಳಿ ಸೊಸೆಯನ್ನು ಕಟ್ಟಿಹಾಕುವ ಅತ್ತೆಯ ಹಾಗೆ! (ನನ್ನ ಅತ್ತೆಯವರು ಹಾಗಿರಲಿಲ್ಲ, ಅದನ್ನೂ ಹೇಳಿಬಿಡಬೇಕು.)

ನಿಧಾನವಾಗಿ ಹಾಸನ, ಅರಸೀಕೆರೆ ದಾಟಿ, ಅಲ್ಲಲ್ಲಿ ನಿಲ್ಲಿಸಿ ನೋಡುತ್ತಾ ಬಂದು, ಸರಕು ಇಳಿಸಿ, ಮಂಗಳವಾರ ನಡುರಾತ್ರಿ ಮನೆ ಸೇರಿದರು. ಬುಧವಾರ ಬೆಳಿಗ್ಗೆ ನನ್ನ ಅಕ್ಕನ ಮಗನನ್ನು ಕರೆಸಿದೆ. ಐ.ಟಿ.ಐ. ಓದಿ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಾನೆ.

ಅವನು ಮೊದಲು ಮಾಡಿದ್ದು ಸೆನ್ಸರಿನ ಪ್ಲಗ್ ಕಿತ್ತದ್ದು. ಕಿತ್ತ ಕೂಡಲೇ ಪರದೆಯ ಮೇಲಿದ್ದ ಸಂಖ್ಯೆ ಹೋಗಿ ಬರೀ ಗೆರೆ ಬಂತು. "ವೈರು ಎಲ್ಲೂ ಉಜ್ಜಿ ಬಾಡಿಗೆ ತಾಗಿಲ್ಲ ಚಿಕ್ಕಮ್ಮ. ತಾಗಿದ್ದರೆ ಪ್ಲಗ್ ಕಿತ್ತರೂ ಕಾವು ತೋರಿಸುತ್ತಿತ್ತು. ಕಳ್ಳ ಇದೇ" ಎಂದ. ಆಮೇಲೆ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಆಯಿಲ್ ಫಿಲ್ಟರಿನ ಬುಡದ ಕೆಳಗೆ ನನ್ನ ಹಳೇ ಬೇಸಿನ್ ಇಟ್ಟು ಸೆನ್ಸರ್ ಬಿಚ್ಚಿದ. ಇಂಜಿನ್ ತಣ್ಣಗಿದ್ದಾಗಲೇ ಬಿಚ್ಚಬೇಕು, ಇಲ್ಲದಿದ್ದರೆ ಸೋರುವ ಎಣ್ಣೆ ಕೈಯ ಚರ್ಮವನ್ನೇ ಸುಲಿಯುತ್ತದೆ. ಹೊರಗೆ ಬಂದ ವಸ್ತು ನೋಡಿ ನನಗೆ ನಗುವೂ ಬಂತು, ಸಿಟ್ಟೂ ಬಂತು. ಹೆಬ್ಬೆರಳಿನಷ್ಟು ಗಾತ್ರದ ಒಂದು ಹಿತ್ತಾಳೆಯ ಬೋಲ್ಟು! ಇದಕ್ಕಾಗಿ ನನ್ನ ನಾಲ್ಕು ಬಳೆ!

ಇವರಿಗೆ ಇನ್ನೂ ಅನುಮಾನ. "ಹೊಸದು ಹಾಕಿದ ಮೇಲೂ ಹಾಗೇ ತೋರಿಸಿದರೆ?" ಎಂದರು. ಹುಡುಗ ಚಿತ್ರದುರ್ಗಕ್ಕೆ ಹೋಗಿ ಹೊಸ ಸೆನ್ಸರ್ ತಂದ, ಸಾವಿರದ ನೂರ ಐವತ್ತು ರೂಪಾಯಿ. ತಂದವನು ನೇರ ನನ್ನ ಅಡುಗೆಮನೆಗೆ ನುಗ್ಗಿದ. "ಚಿಕ್ಕಮ್ಮ, ಒಂದು ಹಳೇ ಪಾತ್ರೆಯಲ್ಲಿ ನೀರಿಡಿ!"

ನಂಬುತ್ತೀರೋ ಇಲ್ಲವೋ, ನನ್ನ ಗ್ಯಾಸ್ ಒಲೆಯ ಮೇಲೆ ಲಾರಿಯ ಸೆನ್ಸರ್ ಬೇಯಿಸಿದೆವು. ಹಳೆಯದನ್ನೂ ಹೊಸದನ್ನೂ ದಾರ ಕಟ್ಟಿ ಇಳಿಬಿಟ್ಟೆವು. ತಳಕ್ಕೆ ತಾಗಬಾರದು, ಪ್ಲಗ್ ಸಿಕ್ಕಿಸುವ ಭಾಗ ನೀರಿಗೆ ಮುಳುಗಬಾರದು. ಮೀಟರಿನ ಎರಡು ಕಡ್ಡಿಗಳನ್ನು ಅವನು ಹಿಡಿದ, ಸಂಖ್ಯೆ ಓದುವ ಕೆಲಸ ನನ್ನದು. ಆ ಸೆನ್ಸರಿನ ಗುಣ ವಿಚಿತ್ರ. ಒಳಗಿರುವ ಚಿಕ್ಕ ಕಾಳಿನಂಥದ್ದು ತಣ್ಣಗಿದ್ದಾಗ ಕರೆಂಟಿಗೆ ಹೆಚ್ಚು ಅಡ್ಡ ಬರುತ್ತದೆ, ಬಿಸಿಯಾದಷ್ಟೂ ಅಡ್ಡಿ ಇಳಿಯುತ್ತದೆ. ಆ ಅಡ್ಡಿಯನ್ನು ಓಮ್ ಲೆಕ್ಕದಲ್ಲಿ ಅಳೆಯುತ್ತಾರೆ. ಅದನ್ನೇ ನೋಡಿ ಕಂಪ್ಯೂಟರ್ ಕಾವು ಎಷ್ಟೆಂದು ಲೆಕ್ಕ ಹಾಕುತ್ತದೆ. ಹೊಸದು ತಣ್ಣೀರಿನಲ್ಲಿ ಎರಡು ಸಾವಿರ ಓಮ್‌ನ ಹತ್ತಿರ ತೋರಿಸಿತು. ನೀರು ಕಾಯುತ್ತಾ ಹೋದಂತೆ ಸಾವಿರದ ಇನ್ನೂರು, ಏಳುನೂರು, ನಾನೂರು ಎಂದು ಇಳಿಯುತ್ತಾ, ಕೊತಕೊತ ಕುದಿಯುವಾಗ ಇನ್ನೂರರ ಆಸುಪಾಸಿಗೆ ಬಂತು. ಹಳೆಯದು? ತಣ್ಣೀರಿನಲ್ಲೇ ನೂರಕ್ಕಿಂತ ಕಡಿಮೆ. ನೀರು ಕುದಿದರೂ ಅಲ್ಲೇ, ಆರಿದರೂ ಅಲ್ಲೇ. ನಾನು ಒಂದೊಂದೇ ಸಂಖ್ಯೆ ಗಟ್ಟಿಯಾಗಿ ಓದುತ್ತಿದ್ದರೆ ಇವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಕೊನೆಗೆ ಏನೂ ಮಾತಾಡದೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಲಾರಿಯ ಬಳಿಗೆ ನಡೆದರು.

ಜೋಡಿಸುವುದು ಅರ್ಧ ಗಂಟೆಯ ಕೆಲಸವೂ ಅಲ್ಲ. ಸೋರದಿರಲಿ ಎಂದು ಇವರು ನಲ್ಲಿಗೆ ಸುತ್ತುವ ಬಿಳಿ ಟೇಪು ತಂದರೆ ಹುಡುಗ ಕೈಮುಗಿದ. "ಬೇಡ ಚಿಕ್ಕಪ್ಪ, ಅದರ ಚೂರು ಕಿತ್ತು ಆಯಿಲ್ ಒಳಗೆ ಸೇರುತ್ತೆ. ಒಂದೇ ವೈರಿನ ಸೆನ್ಸರ್ ಆಗಿದ್ದರೆ ಅರ್ತಿಂಗೂ ಸಿಗಲ್ಲ." ಹಳೇ ತಾಮ್ರದ ಉಂಗುರ ಎಸೆದು ಹೊಸ ಉಂಗುರ ಹಾಕಿ, ಮೊದಲು ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಹದವಾಗಿ ಬಿಗಿ ಮಾಡಿದ. ಅದು ಕೂರುವ ಜಾಗ ಅಲ್ಯೂಮಿನಿಯಂ. ಗಂಡಸುತನ ತೋರಿಸಿ ಬಿಗಿ ಮಾಡಿದರೆ ಮರೆ ಕಿತ್ತು ಬರುತ್ತದೆ. ಸೋರಿದ್ದಷ್ಟು ಆಯಿಲ್ ತುಂಬಿ, ಸ್ಕ್ಯಾನರ್ ಹಚ್ಚಿ ಕಂಪ್ಯೂಟರಿನಲ್ಲಿ ಉಳಿದಿದ್ದ ದೂರನ್ನು ಅಳಿಸಿದ. ಬೀಗದ ಕೈ ತಿರುಗಿಸಿದರೆ ಇಪ್ಪತ್ತೊಂಬತ್ತು ಡಿಗ್ರಿ. ನಮ್ಮೂರಿನ ಆ ಹೊತ್ತಿನ ಬಿಸಿಲಿಗೆ ಸರಿಯಾಗಿ!

ಹಬ್ಬದ ದಿನ ಬಳೆ ತೊಟ್ಟೇ ಪೂಜೆ ಮಾಡಿದೆ. ಬೇಸಿನ್ನೂ ಪಾತ್ರೆಯೂ ಮಾತ್ರ ಲಾರಿಯ ಪಾಲಾದವು.

ಮುಂದಿನ ವಾರ ಮತ್ತೆ ಮಂಗಳೂರಿನ ಬಾಡಿಗೆ. ಶಿರಾಡಿ ಹತ್ತಿ ಬಂದು, ಅದೇ ಗ್ಯಾರೇಜಿನ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಫೋನು ಮಾಡಿದರು.

"ನೂರ ಮೂರು ತೋರಿಸ್ತಿದೆ ಕಣೇ."

"ಲಾರಿಗೆ ತಾನೇ? ಹಾಗಾದರೆ ಜ್ವರವಿಲ್ಲ" ಎಂದೆ. "ಊಟ ಆಯಿತಾ?"