ಅಂಬಾಸಿಡರಿಗೆ ಐದನೇ ಗೇರು

ಚನ್ನಗಿರಿಯ ಅಡಿಕೆ ತೋಟದ ತಂಪಿನಿಂದ ಜಗಳೂರಿನ ಬಯಲಿಗೆ ಹೋದರೆ ಒಂದೇ ಜಿಲ್ಲೆಯಲ್ಲಿ ಎರಡು ನಾಡು ಕಂಡಂತಾಗುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಬ್ಯಾಂಕಿನಲ್ಲಿದ್ದಾಗ ಈ ಊರುಗಳನ್ನೆಲ್ಲ ಬಸ್ಸಿನಲ್ಲಿ ಸುತ್ತಿದ್ದೆ. ಈ ಸಲ ಹೋದದ್ದು ನ್ಯಾಮತಿಯ ಗೆಳೆಯನ ಅಂಬಾಸಿಡರಿನಲ್ಲಿ, ಮೊಮ್ಮಗನ ಜೊತೆ.

ಕಾರು ಗೆಳೆಯನ ತಂದೆಯ ಕಾಲದ್ದು. ಎಂಜಿನ್ ಸವೆದು ಹೊಗೆ ಉಗುಳುತ್ತಿತ್ತು. "ಗುಜರಿಗೆ ಕೊಟ್ಟುಬಿಡಿ ಅಪ್ಪಾಜಿ" ಎಂದು ಮಗನ ಒತ್ತಾಯ. ಅಂಬಾಸಿಡರ್ ತಯಾರಿಕೆಯೇ 2014ರಲ್ಲಿ ನಿಂತಿದೆ. ಗೆಳೆಯ ಕೇಳಲಿಲ್ಲ. ಅದೇ ಜಾತಿಯ, 1992ರಿಂದ ಬಂದ 1800 ಐಎಸ್‌ಝಡ್ ಮಾದರಿಯ ಎಂಜಿನ್, ಗೇರ್‌ಬಾಕ್ಸ್ ಹುಡುಕಿ ತಂದ. ಜಪಾನಿನ ಇಸುಝು ಕಂಪನಿಯ ವಿನ್ಯಾಸ ಅದು. ಹಳೆಯ 1489 ಸಿಸಿ ಎಂಜಿನ್ನಿನ ಶಕ್ತಿ 50 ಅಶ್ವಶಕ್ತಿಯ ಆಸುಪಾಸು, ಇದರದ್ದು ಸುಮಾರು 75.

ಬಿಚ್ಚಿ ಕೂರಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ ಮಕ್ಕಳೇ. ಎಂಜಿನ್ ಕೂರುವ ಆಸರೆಗಳನ್ನು ಹೊಸದಾಗಿ ಬೆಸೆಯಬೇಕು. ಗೇರ್‌ಬಾಕ್ಸಿನ ಉದ್ದ ಬೇರೆ, ಹಾಗಾಗಿ ಚಕ್ರಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನೂ ಅಳತೆಗೆ ಕತ್ತರಿಸಿ ಬೆಸೆದು, ಓಲಾಡದಂತೆ ನೇರ ಮಾಡಬೇಕು. ಆ ಕೆಲಸ ನಡೆದದ್ದು ದಾವಣಗೆರೆಯ ಒಂದು ವರ್ಕ್‌ಶಾಪಿನಲ್ಲಿ, ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹಳೇ ಲೇತ್ ಮೇಲೆ. ನಮ್ಮ ಜಿಲ್ಲೆಯ ಯಂತ್ರವೇ ನಮ್ಮ ಕಾರನ್ನು ಉಳಿಸಿತಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು.

ಬಡಕಲು ಗಾಡಿಗೆ ಬಲವಾದ ಎತ್ತು ಕಟ್ಟಿದರೆ ಅಚ್ಚು ತಡೆಯಬೇಕಲ್ಲ? ಗೆಳೆಯ ಹಿಂದಿನ ಆಕ್ಸಲ್ ಪರೀಕ್ಷೆ ಮಾಡಿಸಿದ, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಿದ. ಓಡುವ ಬಲ ಹೆಚ್ಚಿಸಿ ನಿಲ್ಲುವ ಬಲ ಹೆಚ್ಚಿಸದವರ ಗಾಡಿ ನಾನಂತೂ ಹತ್ತುವುದಿಲ್ಲ. ಎಂಜಿನ್ ಬದಲಿಸಿದರೆ ಆರ್‌ಟಿಒ ಒಪ್ಪಿಗೆಯೂ ಬೇಕು; 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅದನ್ನೇ ಹೇಳುತ್ತದೆ. ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಇದೆಯೋ ಎಂದು ನಾನೇ ಕನ್ನಡಕ ಏರಿಸಿ ಓದಿದೆ. ಗುಮಾಸ್ತನ ಚಟ, ಹೋಗುತ್ತದೆಯೇ!

ಹೊನ್ನಾಳಿಯಲ್ಲಿ ತುಂಗಭದ್ರೆಯ ಸೇತುವೆ ದಾಟಿದೆವು. ಚನ್ನಗಿರಿ ಕಡೆಯ ಏರಿನಲ್ಲಿ ಮೂರನೇ ಗೇರಿಗೇ ಕಾರು ಹತ್ತಿತು. ಮೊದಲಾಗಿದ್ದರೆ ಎರಡಕ್ಕೆ ಇಳಿಸಬೇಕಿತ್ತಂತೆ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನೀರು ನಿಲ್ಲಿಸಿದ ಶಾಂತಿಸಾಗರದ ಬಳಿ ಬುತ್ತಿ ಬಿಚ್ಚಿದೆವು. ಬುತ್ತಿಯಲ್ಲಿ ಮಂಡಕ್ಕಿ, ಮಿರ್ಚಿ.

ದಾವಣಗೆರೆ ದಾಟಿ ಜಗಳೂರಿನ ನೇರ ರಸ್ತೆ ಸಿಕ್ಕಿದಾಗ ಗೆಳೆಯ ಐದನೇ ಗೇರು ಹಾಕಿದ. ಎಂಜಿನ್ ಸದ್ದು ತಟ್ಟನೆ ತಗ್ಗಿತು.

"ಯಾಕಜ್ಜ, ವೇಗ ಕಡಿಮೆಯಾಯ್ತಾ?" ಎಂದ ಮೊಮ್ಮಗ.

ಇಲ್ಲ. ನಾಲ್ಕನೇ ಗೇರಿನಲ್ಲಿ ಎಂಜಿನ್ ಒಂದು ಸುತ್ತು ಸುತ್ತಿದರೆ ಶಾಫ್ಟೂ ಒಂದೇ ಸುತ್ತು. ಐದರಲ್ಲಿ ಶಾಫ್ಟು ಒಂದಕ್ಕಿಂತ ತುಸು ಹೆಚ್ಚೇ ಸುತ್ತುತ್ತದೆ. ಅಷ್ಟೇ ವೇಗಕ್ಕೆ ಎಂಜಿನ್ನಿಗೆ ದುಡಿಮೆ ಕಡಿಮೆ, ಪೆಟ್ರೋಲೂ ಉಳಿತಾಯ.

"ಹಾಗಾದ್ರೆ ಇದು ಅದೇ ಕಾರಾ, ಬೇರೆಯದಾ?"

ಗೆಳೆಯ ನಕ್ಕ. ಹೊಸ ಗೇರಿನ ಕೋಲು ಈಗ ನೆಲದಲ್ಲಿದೆ, ಆದರೂ ತನ್ನ ಎಡಗೈ ಇನ್ನೂ ಸ್ಟೀರಿಂಗ್ ಪಕ್ಕದಲ್ಲಿ ಅದನ್ನು ಹುಡುಕುತ್ತದೆ ಎಂದ. ಹಳೆಯ ಗೇರ್‌ಬಾಕ್ಸಿಗೆ ಎಣ್ಣೆ ಸವರಿ, ಗೋಣಿಚೀಲ ಸುತ್ತಿ ಕೊಟ್ಟಿಗೆಯಲ್ಲಿ ಇಟ್ಟಿದ್ದಾನಂತೆ. ಮಗನಿಗೆ ಇನ್ನೂ ಹೇಳಿಲ್ಲ.